ಜೇಬಿಗೊಂದು ಬ್ಯಾಟ್ರಿ

ಓದುಗರ ಪ್ರಶ್ನೆ, ನಿವೃತ್ತ ಲೈನ್‌ಮನ್ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ನಾಲ್ಕು ಟಾರ್ಚಿನ ಬಗ್ಗೆಯೇ ಇವೆ. ಮಳೆಗಾಲ ಅಲ್ವಾ, ಇರಬೇಕಾದ್ದೇ. ನಮ್ಮ ಮಂಡ್ಯ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತೀವಿ, ಒಳಗೆ ಹಾಕುವುದಕ್ಕೆ ಸೆಲ್ಲು ಅಂತೀವಿ. ಉತ್ತರದಲ್ಲೂ ಹಾಗೇ ಬರೆದಿದ್ದೇನೆ. ಪೇಟೆಯವರು ಗೊಂದಲ ಮಾಡಿಕೊಳ್ಳಬೇಡಿ.

ಪ್ರಶ್ನೆ: ಸಾರ್, ನಾಲೆ ಪಕ್ಕ ನಮ್ಮದು ಎರಡೂವರೆ ಎಕರೆ ಕಬ್ಬು. ತ್ರೀಫೇಸ್ ಕರೆಂಟ್ ರಾತ್ರಿ ಸರದಿಗೆ ಬಿದ್ದಾಗ ಒಂದು ಗಂಟೆಗೋ ಎರಡು ಗಂಟೆಗೋ ಎದ್ದು ಮೋಟರ್ ಹಾಕಲು ಹೋಗಬೇಕು. ಇಷ್ಟು ದಿನ ಮೊಬೈಲ್ ಲೈಟಿನಲ್ಲೇ ಓಡಾಡಿದೆ. ಈಗ ಜೇಬಲ್ಲೇ ಇಟ್ಟುಕೊಳ್ಳುವಂಥ ಚಿಕ್ಕ ಟ್ಯಾಕ್ಟಿಕಲ್ ಟಾರ್ಚ್ ತಗೊಳ್ಳೋಣ ಅಂತಿದ್ದೇನೆ. ಒಂದರ ಡಬ್ಬಿ ಮೇಲೆ ಬೆಳಕಿನ ಅಳತೆ 1,000 ಲ್ಯುಮೆನ್ ಅಂತಿದೆ, ಇನ್ನೊಂದರ ಮೇಲೆ 10,000 ಲ್ಯುಮೆನ್. ವಿಚಿತ್ರ ಅಂದ್ರೆ ಹತ್ತು ಸಾವಿರದ್ದೇ ಅಗ್ಗ! ಎರಡು ಸಾವಿರ ರೂಪಾಯಿ ಒಳಗೆ ಯಾವುದು ತಗೊಳ್ಳಲಿ? — ಯುವ ರೈತ, ಪಾಂಡವಪುರ ತಾಲ್ಲೂಕು

ಉತ್ತರ: ಆ ಅಗ್ಗದ್ದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ನಾನು ಬಿಟ್ಟು ಬರಲಿಲ್ಲ, ಅನುಭವಿಸಿದೆ.

ರಿಟೈರ್ ಆದ ಹೊಸದರಲ್ಲಿ ಫೋನಿನಲ್ಲಿ ಆರ್ಡರ್ ಮಾಡಿ ಒಂದು ತರಿಸಿದೆ. ಮೂತಿ ಎಳೆದರೆ ಬೆಳಕು ಚಿಕ್ಕದಾಗುವ ಜೂಮ್ ಬ್ಯಾಟ್ರಿ. 9,000 ಲ್ಯುಮೆನ್ ಅಂತ ಬರೆದಿತ್ತು. ಸೆಲ್ಲಿನ ಮೇಲೆ 9,800 ಎಂಎಎಚ್ ಅಂತ ದೊಡ್ಡ ಅಕ್ಷರ. ಎಂಎಎಚ್ ಅಂದರೆ ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ಭಾವಮೈದನ ಗದ್ದೆಗೆ ನೀರು ಕಟ್ಟಲು ನಾವಿಬ್ಬರೂ ಹೋದ ರಾತ್ರಿ ಮುಕ್ಕಾಲು ಗಂಟೆ ಉರಿಯಿತು. ಆಮೇಲೆ ಕೆಂಪಗೆ ಮಿಣಮಿಣ ಅಂದು ಆರಿಹೋಯಿತು. ನಾಲೆ ಏರಿ ಮೇಲೆ ಕಾಲಲ್ಲಿ ತಡವಿಕೊಂಡು ಮನೆ ಸೇರಿದೆವು. ಮೂವತ್ತು ವರ್ಷ ಊರಿಗೆಲ್ಲ ಬೆಳಕು ಕೊಟ್ಟವನು ಅಂತ ಭಾವಮೈದ ಈಗಲೂ ಹಂಗಿಸುತ್ತಾನೆ.

ಮಾರನೆ ದಿನ ಆ ಸೆಲ್ಲನ್ನು ಪೇಟೆ ಬೀದಿಯ ಅಕ್ಕಸಾಲಿಗರ ಹತ್ತಿರ ಒಯ್ದು ತಕ್ಕಡಿಗೆ ಹಾಕಿಸಿದೆ. 27 ಗ್ರಾಂ. ಒಳ್ಳೆಯ ಸೆಲ್ಲು ಅದೇ ಅಳತೆಯಲ್ಲಿ 45 ಗ್ರಾಂ ಮೇಲೇ ತೂಗುತ್ತದೆ. ಈ ಸೆಲ್ಲಿಗೆ 18650 ಅಂತಾರೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹೆಸರಲ್ಲೇ ಅಳತೆ ಇದೆ. ಇದರಲ್ಲಿ ಸಾಮಾನ್ಯವಾಗಿ ಹಿಡಿಯುವುದು 2,500ರಿಂದ 3,500 ಎಂಎಎಚ್. 9,800 ಅಂತ ಚೀಟಿ ಅಂಟಿಸಿದ್ದಾರೆ ಅಂದರೆ ಸುಳ್ಳು, ಬೇರೆ ಮಾತೇ ಬೇಡ.

ಈಗ ಒಂದು ಲೆಕ್ಕ ಹೇಳುತ್ತೇನೆ, ಅಂಗಡಿಯಲ್ಲಿ ನಿಂತೇ ಮಾಡಬಹುದು. 3,000 ಎಂಎಎಚ್ ಸೆಲ್ಲು, 3.6 ವೋಲ್ಟ್. ಗುಣಿಸಿ ಸಾವಿರದಿಂದ ಭಾಗಿಸಿದರೆ 10.8 ವ್ಯಾಟ್-ಅವರ್, ಅಂದರೆ 10.8 ವ್ಯಾಟ್ ಒಂದು ಗಂಟೆ ಬರುತ್ತದೆ. ಒಳ್ಳೆಯ ಎಲ್‌ಇಡಿ ಒಂದು ವ್ಯಾಟ್‌ಗೆ ಸುಮಾರು 100 ಲ್ಯುಮೆನ್ ಕೊಡುತ್ತದೆ ಅಂತಿಟ್ಟುಕೊಳ್ಳಿ. ಆಗ 1,000 ಲ್ಯುಮೆನ್‌ಗೆ 10 ವ್ಯಾಟ್, ಸೆಲ್ಲು ಬರುವುದು ಒಂದು ಗಂಟೆ. 10,000 ಲ್ಯುಮೆನ್‌ಗೆ 100 ವ್ಯಾಟ್ ಬೇಕು. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ನೇ 25 ವ್ಯಾಟ್. ನಾಲ್ಕು ಸೋಲ್ಡರಿಂಗ್ ಐರನ್ ಶಾಖವನ್ನು ಹೆಬ್ಬೆರಳು ದಪ್ಪದ ಬ್ಯಾಟ್ರಿಯಲ್ಲಿ ಹಿಡಿದುಕೊಂಡು ಗದ್ದೆಗೆ ಹೋಗ್ತೀರಾ?

ಸಾವಿರದ್ದು ನಿಜವಾದರೂ ಒಂದು ಮಾತು. ಹಚ್ಚಿದ ಒಂದೆರಡು ನಿಮಿಷಕ್ಕೆ ಅದು ತಾನೇ ಮುನ್ನೂರು, ನಾನೂರಕ್ಕೆ ಇಳಿಯುತ್ತದೆ. ಇದು ಮೋಸ ಅಲ್ಲ, ಬಿಸಿ ತಡೆಯಲು ಮಾಡಿಟ್ಟ ಏರ್ಪಾಡು. ಡಬ್ಬಿ ಮೇಲೆ ಎಫ್‌ಎಲ್ 1 ಅಂತ ಗುರುತಿದ್ದರೆ ಅದು 2009ರಲ್ಲಿ ಬಂದ ಅಳತೆಯ ಕ್ರಮ. ಅದರ ಪ್ರಕಾರ ಬೆಳಕನ್ನು ಅಳೆಯುವುದು ಹಚ್ಚಿ 30 ಸೆಕೆಂಡಿನ ಮೇಲೆ. ಎಷ್ಟು ಹೊತ್ತು ಉರಿಯಿತು ಅನ್ನುವುದನ್ನು ಲೆಕ್ಕ ಹಾಕುವುದು ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗೆ. ಹಾಗಾಗಿ ನಾಲ್ಕು ಗಂಟೆ ಅಂತ ಬರೆದಿದ್ದರೆ ನಾಲ್ಕೂ ಗಂಟೆ ಸಾವಿರ ಲ್ಯುಮೆನ್ ಅಂದುಕೊಳ್ಳಬೇಡಿ.

ಲ್ಯುಮೆನ್ ಅಂದರೆ ಒಟ್ಟು ಬೆಳಕು. ಅದು ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಕ್ಯಾಂಡೆಲಾ ನೋಡಬೇಕು. ನೀವು ನೀರು ಹಾಯಿಸುವವರು, ನಿಮಗೆ ಬೇಗ ಅರ್ಥವಾಗುತ್ತದೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಜಾಸ್ತಿ ಆಗುವುದಿಲ್ಲ, ದೂರ ಚಿಮ್ಮುತ್ತದೆ ಅಷ್ಟೆ. ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಮೀಟರ್ ಲೆಕ್ಕದಲ್ಲಿ ದೂರ ಸಿಗುತ್ತದೆ. 10,000 ಕ್ಯಾಂಡೆಲಾ ಅಂದರೆ 200 ಮೀಟರ್. ಆದರೆ ಆ 200 ಮೀಟರ್ ತುದಿಯಲ್ಲಿ ಬೀಳುವ ಬೆಳಕು ಹುಣ್ಣಿಮೆ ಬೆಳದಿಂಗಳಷ್ಟೇ. ಆಕಳೋ ಮನುಷ್ಯನೋ ಅಂತ ಗೊತ್ತಾಗಬೇಕಾದರೆ ಅದರ ಅರ್ಧ ದೂರ ಅಂತಲೇ ಇಟ್ಟುಕೊಳ್ಳಿ.

ನಿಮಗೆ ಬೇಕಾದ್ದು ಇನ್ನೂರು ಮೀಟರ್ ಆಚೆಯದ್ದಲ್ಲ, ಕಾಲ ಬುಡದ್ದು. ಕಬ್ಬಿನ ತರಗಿನ ಮೇಲೆ ಕೊಳಕುಮಂಡಲ ಮಲಗಿದ್ದರೆ ಹಗಲಲ್ಲೇ ಕಾಣುವುದಿಲ್ಲ. ಅದೂ ಕಂದು, ತರಗೂ ಕಂದು. ನೀಲಿಗಟ್ಟಿದ ಬಿಳಿ ಬೆಳಕು ಬಿಟ್ಟರೆ ಎರಡೂ ಒಂದೇ ಬೂದಿ ಬಣ್ಣಕ್ಕೆ ತಿರುಗುತ್ತವೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ. ಬಹಳ ಬ್ಯಾಟ್ರಿಗಳದ್ದು 6,500 ಕೆಲ್ವಿನ್ ಆಸುಪಾಸಿನ ಬೆಳಕು, ಅದು ಇಂಥದ್ದೇ. ನೀವು 4,000ದಿಂದ 5,000 ಕೆಲ್ವಿನ್ ಒಳಗಿನದನ್ನು ಕೇಳಿ. ಸಿಆರ್‌ಐ 90ಕ್ಕಿಂತ ಮೇಲಿದ್ದರೆ ಇನ್ನೂ ಒಳ್ಳೆಯದು, ಅಂದರೆ ಬಣ್ಣ ಹೆಚ್ಚು ಕಡಿಮೆ ಇದ್ದ ಹಾಗೇ ಕಾಣುತ್ತದೆ. ಅಂಗಡಿಯವನಿಗೆ ಇದೆಲ್ಲ ಗೊತ್ತಿಲ್ಲದಿದ್ದರೆ ನಿಮ್ಮ ಅಂಗೈ ಮೇಲೆ ಬಿಟ್ಟು ನೋಡಿ. ಅಂಗೈ ಕೆಂಪು ಕೆಂಪಾಗಿ ಕಂಡರೆ ಸರಿ. ವಿಭೂತಿ ಬಳಿದ ಹಾಗೆ ಕಂಡರೆ ಬೇಡ. ಬೆಳಕು ಅಗಲವಾಗಿ ಹರಡಬೇಕು, ನಡುವೆ ಮಾತ್ರ ಒಂದು ಗಟ್ಟಿ ಚುಕ್ಕೆ ಇರಬೇಕು. ಆ ಚುಕ್ಕೆ ಯಾಕೆ ಅಂದರೆ ಚಿರತೆ. ನಮ್ಮ ಕಬ್ಬಿನ ಗದ್ದೆಗಳಲ್ಲಿ ಅದರ ಕಾಟ ನಿಮಗೆ ಹೇಳಿಕೊಡಬೇಕಿಲ್ಲ. ಅದರ ಕಣ್ಣಿನ ಹಿಂದೆ ಕನ್ನಡಿಯಂಥ ಪೊರೆ ಇದೆ. ಐವತ್ತು ಅರವತ್ತು ಮೀಟರ್ ದೂರದಲ್ಲೇ ಎರಡು ಕೆಂಡ ಹೊಳೆದ ಹಾಗೆ ಕಾಣುತ್ತದೆ. ಕಂಡರೆ ಮೋಟರ್ ಬೆಳಗ್ಗೆ ನೋಡಿಕೊಳ್ಳೋಣ ಅಂತ ಹಿಂದಕ್ಕೆ ಬಂದುಬಿಡಿ. ಬೂಟು ಮಾತ್ರ ಯಾವತ್ತೂ ಬಿಡಬೇಡಿ, ಬೆಳಕಿದೆ ಅಂತ ಬರಿಗಾಲಲ್ಲಿ ಹೋಗಬೇಡಿ.

ಟ್ಯಾಕ್ಟಿಕಲ್ ಅನ್ನೋ ಪದಕ್ಕೆ ಮರುಳಾಗಬೇಡಿ. ಪೊಲೀಸರು, ಸೈನಿಕರು ಹಿಡಿಯುವ ಬ್ಯಾಟ್ರಿಯ ಅಚ್ಚು ಅದು. ಬಾಲದಲ್ಲಿ ಗುಂಡಿ, ಒತ್ತಿದ ತಕ್ಷಣ ಪೂರ್ತಿ ಬೆಳಕು, ಅರ್ಧ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಉರಿಯುವುದು, ಜೊತೆಗೆ ಪಟಪಟ ಮಿಟುಕಿಸುವ ಸ್ಟ್ರೋಬ್. ಬಾಲದ ಗುಂಡಿ ನನಗೆ ಇಷ್ಟ, ಕತ್ತಲಲ್ಲಿ ತಡಕಾಡಬೇಕಿಲ್ಲ. ಆದರೆ ನಡುರಾತ್ರಿ ಎದ್ದವನಿಗೆ ಮೊದಲೇಟಿಗೆ ಸಾವಿರ ಲ್ಯುಮೆನ್ ಯಾಕೆ? ಬಿಳಿ ಗೋಡೆಗೆ ಬಿದ್ದು ಕಣ್ಣಿಗೇ ಹೊಡೆಯುತ್ತದೆ, ಮಗ್ಗುಲಲ್ಲಿ ಮಲಗಿದವರು ಬೈತಾರೆ. ಮುಂದಿನ ಹತ್ತು ನಿಮಿಷ ನಿಮಗೂ ಕತ್ತಲಲ್ಲಿ ಏನೂ ಕಾಣುವುದಿಲ್ಲ. ಕಡಿಮೆ ಬೆಳಕಿನಿಂದ ಶುರುವಾಗುವಂಥದ್ದು, ಇಲ್ಲವೇ ಹಿಂದಿನ ಸಲ ಇಟ್ಟ ಬೆಳಕನ್ನೇ ನೆನಪಿಟ್ಟುಕೊಳ್ಳುವಂಥದ್ದು ನೋಡಿ. ಸ್ಟ್ರೋಬ್ ಮೂರನೇ ಒತ್ತಿಗೇ ಬರುವಂಥದ್ದು ತಗೊಂಡರೆ ಪ್ರತಿ ರಾತ್ರಿ ನಾಟಕದ ಸ್ಟೇಜ್ ಆಗುತ್ತದೆ.

ಕೊಕ್ಕೆ ಕ್ಲಿಪ್ ಇರಲೇಬೇಕು, ಟೋಪಿಯ ಮುಂಭಾಗಕ್ಕೆ ಸಿಕ್ಕಿಸಿಕೊಂಡರೆ ಎರಡೂ ಕೈ ಖಾಲಿ. ನಮ್ಮ ಕಾಲದಲ್ಲಿ ಇದು ಇರಲಿಲ್ಲ. ಮಳೆಯಲ್ಲಿ ಕಂಬ ಹತ್ತಿ ಫ್ಯೂಸ್ ಕಟ್ಟುವಾಗ ಎರಡು ಸೆಲ್ಲಿನ ಸ್ಟೀಲ್ ಬ್ಯಾಟ್ರಿಯನ್ನು ಬಾಯಲ್ಲೇ ಕಚ್ಚಿಕೊಳ್ಳುತ್ತಿದ್ದೆವು. ದವಡೆ ಸೋತು ಜೊಲ್ಲು ಸುರಿಯುತ್ತಿತ್ತು, ಕೆಳಗೆ ನಿಂತ ಜನ ಇನ್ನೂ ಆಗಲಿಲ್ವಾ ಅಂತ ಕೂಗುತ್ತಿದ್ದರು. ಉತ್ತರ ಕೊಡೋಣ ಅಂದರೆ ಬಾಯಿ ತುಂಬ ಬ್ಯಾಟ್ರಿ. ಒಂದು ಸಲ ಸಿಟ್ಟಿಗೆ ಬಾಯಿ ತೆರೆದೆ, ಬ್ಯಾಟ್ರಿ ಚರಂಡಿಗೆ ಬಿತ್ತು.

ಅದೇ ಕಸುಬಿನವನಾಗಿ ಒಂದು ಎಚ್ಚರಿಕೆ. ಈ ಚಿಕ್ಕ ಬ್ಯಾಟ್ರಿಗಳ ಮೈ ಅಲ್ಯೂಮಿನಿಯಂ, ಕರೆಂಟ್ ಹರಿಯುತ್ತದೆ. ಸ್ಟಾರ್ಟರ್ ಬಾಕ್ಸ್ ತೆರೆದಾಗ ಸರಿಯಾಗಿ ಕಾಣಲಿಲ್ಲ ಅಂತ ಅದನ್ನು ಒಳಗೆ ತೂರಿಸಬೇಡಿ.

ನೀರಿಗೆ ಐಪಿಎಕ್ಸ್ 7 ಇದ್ದರೆ ಸಾಕು, ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಡೆಯುತ್ತದೆ. ಐಪಿಎಕ್ಸ್ 4 ಬರೀ ತುಂತುರಿಗೆ. ಸೆಲ್ಲು ಬಿಚ್ಚಿ ಬದಲಾಯಿಸುವಂತಿರಬೇಕು. ಒಳಗೇ ಮುಚ್ಚಿಬಿಟ್ಟಿದ್ದರೆ ಸೆಲ್ಲು ಸತ್ತ ದಿನ ಬ್ಯಾಟ್ರಿಯೂ ಸತ್ತ ಹಾಗೆ. ಚಾರ್ಜ್ ಮಾಡಲು ಟೈಪ್-ಸಿ ತೂತಿದ್ದರೂ ಕೆಲವು ಅಗ್ಗದವು ಎರಡೂ ತುದಿ ಟೈಪ್-ಸಿ ಇರುವ ಕೇಬಲ್‌ಗೆ ಚಾರ್ಜ್ ಆಗುವುದಿಲ್ಲ, ಒಂದು ತುದಿ ಹಳೇ ಚಪ್ಪಟೆ ಯುಎಸ್‌ಬಿ ಇರುವುದೇ ಬೇಕು. ಕೆಟ್ಟಿದೆ ಅಂತ ಬಿಸಾಡುವ ಮೊದಲು ಕೇಬಲ್ ಬದಲಿಸಿ ನೋಡಿ.

ಹಾಗಾದರೆ ನಿಮಗೆ ಯಾವುದು? ಒಂದೇ 18650 ಸೆಲ್ಲಿನದು, ಒಂದು ಗೇಣಿಗಿಂತ ಚಿಕ್ಕದು, 800–1,000 ಲ್ಯುಮೆನ್, 8,000–10,000 ಕ್ಯಾಂಡೆಲಾ, ಜೊತೆಗೆ 150 ಲ್ಯುಮೆನ್‌ಗೆ ಇಳಿಸಿಕೊಳ್ಳುವ ಒಂದು ಮೆಟ್ಟಿಲು. ನಾನಂತೂ ನೂರಕ್ಕೆ ತೊಂಬತ್ತು ಸಲ ಆ 150ರಲ್ಲೇ ನಡೆಯುತ್ತೇನೆ. ಮೇಲಿನ ಲೆಕ್ಕದಲ್ಲೇ ನೋಡಿ, ಒಂದೂವರೆ ವ್ಯಾಟ್, ಏಳು ಗಂಟೆ ಬರುತ್ತದೆ. ಮೊಬೈಲ್ ಲೈಟಿನ ಮೂರರಷ್ಟು ಬೆಳಕು ಅದು.

ಪ್ರಶ್ನೆ: ನಾನು ಆಸ್ಪತ್ರೆಯಲ್ಲಿ ನರ್ಸ್. ಪಾಳಿ ಮುಗಿಸಿ ಬಸ್ ಇಳಿದು ಮನೆಗೆ ಹತ್ತು ನಿಮಿಷ ನಡೆಯಬೇಕು. ಬೀದಿದೀಪ ಒಂದು ಉರಿದರೆ ಎರಡು ಇಲ್ಲ. ಬ್ಯಾಗಿನಲ್ಲಿ ಇಡುವಂಥದ್ದು ಹೇಳಿ ಸಾರ್. ಸ್ಟ್ರೋಬ್ ಬಿಟ್ಟರೆ ಎದುರಿಗೆ ಬಂದವನಿಗೆ ತಲೆ ತಿರುಗುತ್ತದಂತೆ, ನಿಜಾನಾ? — ಕುವೆಂಪುನಗರ, ಮೈಸೂರು

ಉತ್ತರ: ಸ್ಟ್ರೋಬ್ ನಂಬಿಕೊಂಡು ಹೋಗಬೇಡಮ್ಮ. ಎದುರಿನವನಿಗೆ ಎಷ್ಟು ಗಲಿಬಿಲಿಯೋ ಹಿಡಿದವರಿಗೂ ಅಷ್ಟೇ. ನಮ್ಮ ಕೇರಿಯ ಹುಡುಗರು ನನ್ನ ಮೇಲೇ ಪ್ರಯೋಗ ಮಾಡಿದರು. ತಲೆ ತಿರುಗಲಿಲ್ಲ, ಸಿಟ್ಟು ಬಂತು. ಬಾಲದ ಗುಂಡಿ ಒತ್ತಿ ಮುಖಕ್ಕೆ ಒಂದು ಸಲ ಪೂರ್ತಿ ಬೆಳಕು ಬಿಟ್ಟರೆ ಅವನಿಗೆ ಕೆಲವು ಸೆಕೆಂಡ್ ಸರಿಯಾಗಿ ಕಾಣುವುದಿಲ್ಲ. ಅಷ್ಟರಲ್ಲಿ ಬೆಳಕಿರುವ ಮನೆಯ ಕಡೆ ಹೋಗಿ, 112ಕ್ಕೆ ಫೋನ್ ಮಾಡಿ. ಅದಕ್ಕಿಂತ ಮುಖ್ಯ, ಬ್ಯಾಟ್ರಿ ಬ್ಯಾಗಿನೊಳಗಲ್ಲ, ಬಸ್ ಇಳಿಯುವ ಮೊದಲೇ ಕೈಯಲ್ಲಿರಬೇಕು. ಎದುರಿಗೆ ಬೈಕ್ ಬಂದರೆ ಮಾತ್ರ ಬೆಳಕು ನೆಲಕ್ಕೆ ಇಳಿಸಿ, ಪಾಪ, ಅವರು ಗುಂಡಿಗೆ ಬೀಳುವುದು ಬೇಡ.

ನಿಮಗೆ ಗಡಿಯಾರದ ಎಎ ಸೆಲ್ಲು ಹಾಕುವ ಬೆರಳುದ್ದದ ಬ್ಯಾಟ್ರಿ ಸಾಕು. ಸೆಲ್ಲು ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಅದೇ ಅಳತೆಯ 14500 ಅನ್ನೋ ಲಿಥಿಯಂ ಸೆಲ್ಲೂ ಇದೆ, ಬೆಳಕು ಜಾಸ್ತಿ. ಆದರೆ ಎಎ 1.5 ವೋಲ್ಟ್, ಅದು 3.7. ಎರಡೂ ಹಾಕಬಹುದು ಅಂತ ಡಬ್ಬಿ ಮೇಲೆ ಬರೆದಿದ್ದರೆ ಮಾತ್ರ ಹಾಕಿ, ಇಲ್ಲದಿದ್ದರೆ ಒಳಗಿನ ಸರ್ಕ್ಯೂಟ್ ಸುಟ್ಟುಹೋಗಬಹುದು. ಮೂತಿಗೆ ಗರಗಸದ ಹಲ್ಲಿರುವುದು ಬೇಡ. ನನ್ನ ಮಗಳ ಬ್ಯಾಗಿನ ಒಳಬಟ್ಟೆ ಒಂದೇ ತಿಂಗಳಿಗೆ ಹರಿದು ಚಿಂದಿಯಾಯಿತು.

ಬ್ಯಾಗಿಗೆ ಹಾಕುವಾಗ ಬಾಲದ ಮುಚ್ಚಳವನ್ನು ಕಾಲು ಸುತ್ತು ಸಡಿಲ ಮಾಡಿ. ಸುಮಾರು ಬ್ಯಾಟ್ರಿಗಳಲ್ಲಿ ಹಾಗೆ ಮಾಡಿದರೆ ಗುಂಡಿ ಒತ್ತಿದರೂ ಹತ್ತುವುದಿಲ್ಲ. ನಾನು ಹೀಗೆ ಮಾಡದೆ ಮದುವೆ ಮನೆಯ ಪಂಕ್ತಿಯಲ್ಲಿ ಕೂತಿದ್ದೆ. ಜುಬ್ಬದ ಜೇಬಿನಲ್ಲಿ ಬ್ಯಾಟ್ರಿ ತಾನೇ ಹತ್ತಿಕೊಂಡಿತ್ತು. ಪಾಯಸ ಬಡಿಸುವ ಹೊತ್ತಿಗೆ ಸುಟ್ಟ ವಾಸನೆ ಬಂತು, ಅಡುಗೆಯವರ ತಪ್ಪು ಅಂತಲೇ ಅಂದುಕೊಂಡೆ.

ಪ್ರಶ್ನೆ: ಮಗಳ ಮನೆಗೆ ದೆಹಲಿಗೆ ವಿಮಾನದಲ್ಲಿ ಹೋಗುತ್ತಿದ್ದೇನೆ. ಟಾರ್ಚ್ ಎಲ್ಲಿ ಇಡಲಿ? — ನಿವೃತ್ತ ಶಿಕ್ಷಕಿ, ಶ್ರೀರಂಗಪಟ್ಟಣ

ಉತ್ತರ: ಲಿಥಿಯಂ ಸೆಲ್ಲಿನದಾದರೆ ಕೈಚೀಲದಲ್ಲಿ. ಬಿಡಿ ಸೆಲ್ಲುಗಳನ್ನು ದೊಡ್ಡ ಲಗೇಜಿಗೆ ಹಾಕುವಂತೆಯೇ ಇಲ್ಲ. ಪ್ರತಿ ಸೆಲ್ಲನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಬೀಗದ ಕೈ, ಚಿಲ್ಲರೆ ಕಾಸಿನ ಜೊತೆ ಸೇರಿಸಬೇಡಿ ಮೇಡಂ, ಎರಡು ತುದಿಗೂ ಲೋಹ ತಗುಲಿದರೆ ಬೆಂಕಿಯೇ ಹತ್ತಬಹುದು.

ಪ್ರಶ್ನೆ: ತಾತನ ಮೂರು ಸೆಲ್ಲಿನ ಸ್ಟೀಲ್ ಬ್ಯಾಟ್ರಿ ಅಟ್ಟದ ಮೇಲೆ ಸಿಕ್ಕಿತು. ಒಳಗೆಲ್ಲ ಬಿಳಿ ಪುಡಿ ಕಟ್ಟಿದೆ. ಇದಕ್ಕೆ ಎಲ್‌ಇಡಿ ಹಾಕಬಹುದಾ? — ಕಾಲೇಜು ವಿದ್ಯಾರ್ಥಿ, ಮಳವಳ್ಳಿ

ಉತ್ತರ: ಖಂಡಿತ ಹಾಕು ಮಗ. ನಿಮ್ಮ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ತಂತಿ ತಲೆ ಮೇಲೆ ಹಾದುಹೋದರೂ ಹಳ್ಳಿಯವರು ಎಷ್ಟೋ ಕಾಲ ಲಾಟೀನು, ಇಂಥ ಬ್ಯಾಟ್ರಿ ಹಿಡಿದೇ ಓಡಾಡಿದರು. ಹಳೇ ಬಲ್ಬಿನ ಜಾಗಕ್ಕೇ ಕೂರುವ ಎಲ್‌ಇಡಿ ಬಲ್ಬು ಸಿಗುತ್ತದೆ. ಮೂರು ಸೆಲ್ಲು ಅಂದರೆ 4.5 ವೋಲ್ಟ್, ಅದಕ್ಕೆ ಹೊಂದುವುದನ್ನೇ ಕೇಳು. ಕೆಲವಕ್ಕೆ ಪ್ಲಸ್ ಮೈನಸ್ ವ್ಯತ್ಯಾಸ ಇರುತ್ತದೆ, ಹತ್ತದಿದ್ದರೆ ಸೆಲ್ಲು ತಿರುಗಿಸಿ ಹಾಕಿ ನೋಡು.

ಪುಡಿ ತೆಗೆಯಲು ನಿಂಬೆಹುಳಿ ಹಾಕು ಅಂತ ಯಾರಾದರೂ ಹೇಳಿಯಾರು. ಅದು ಆಲ್ಕಲೈನ್ ಸೆಲ್ಲು ಸೋರಿದ್ದಕ್ಕೆ. ತಾತನ ಕಾಲದ ಸತುವಿನ ಸೆಲ್ಲು ಸೋರಿದ್ದು ಹುಳಿ ಗುಣದ್ದು, ಅದಕ್ಕೆ ಅಡುಗೆ ಸೋಡಾ. ಒಂದು ಚಮಚ ಸೋಡಾವನ್ನು ನೀರಲ್ಲಿ ಕಲೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕು. ಒಂದು ದಿನ ಬಿಸಿಲಿಗೆ ಒಣಗಿಸಿ, ಸ್ಪ್ರಿಂಗಿಗೂ ಗುಂಡಿಯ ತಗಡಿಗೂ ಉಪ್ಪುಕಾಗದ ಉಜ್ಜು. ಆಮೇಲೂ ಹತ್ತದಿದ್ದರೆ ಮಂಡ್ಯಕ್ಕೆ ಬಂದಾಗ ತಗೊಂಡು ಬಾ, ನನಗೂ ಹೊತ್ತು ಹೋಗಬೇಕಲ್ಲ.