ಪ್ರತಿ: ವಿಂಕ್ರಿಸ್ಟಿನ್ ಆದ ಐದನೇ ದಿನ ನಾಯಿ ಮಂಕು, ಊಟ ಬಿಟ್ಟಿದೆ

ಲಿಂಫೋಮಾ ಎಂಬ ಕ್ಯಾನ್ಸರಿಗೆ ವಿಂಕ್ರಿಸ್ಟಿನ್ ಎಂಬ ಕೀಮೋ ಔಷಧ ಕೊಟ್ಟ ಐದನೇ ದಿನ ನಿಮ್ಮ ಲ್ಯಾಬ್ರಡಾರ್ ಹೀಗಾಗಿದೆ ಅಂದರೆ ಮೊದಲ ಅನುಮಾನ ಬಿಳಿ ರಕ್ತಕಣಗಳ ಮೇಲೆ, ಅದರಲ್ಲೂ ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಕಣಗಳ ಮೇಲೆ. ಸಾಮಾನ್ಯವಾಗಿ ಐದರಿಂದ ಏಳನೇ ದಿನದ ಹೊತ್ತಿಗೆ ಅವು ತೀರಾ ಕೆಳಗಿಳಿಯುತ್ತವೆ. ಬರೀ ಹೊಟ್ಟೆ ಕೆಟ್ಟಿರಲೂಬಹುದು. ಸಿಬಿಸಿ (ರಕ್ತಕಣಗಳ ಎಣಿಕೆಯ ಪರೀಕ್ಷೆ) ಮಾಡಿಸದೆ ಯಾರೂ ಬಿಡಿಸಿ ಹೇಳಲಾರರು.

ಈಗಲೇ ಜ್ವರ ನೋಡಿ. ಮೂಗು ಮುಟ್ಟಿದರೆ ಏನೂ ತಿಳಿಯಲ್ಲ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಸವರಿ, ಬಾಲ ಎತ್ತಿ, ಗುದದೊಳಗೆ ಒಂದು ಇಂಚಿನಷ್ಟು ಮೆಲ್ಲಗೆ ಸೇರಿಸಿ, ಬೀಪ್ ಬರೋ ತನಕ ಹಿಡಿದಿರಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. 103 ದಾಟಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಡ್ರಿಪ್, ಇಂಜೆಕ್ಷನ್ ಆಂಟಿಬಯಾಟಿಕ್ ಎರಡೂ ಕೊಡುವ ಆಸ್ಪತ್ರೆಗೆ ಹೊರಡಿ, ಕೀಮೋ ಚೀಟಿ ಜೊತೆಗಿರಲಿ. ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್) ನಡೆಯುತ್ತಿದ್ದರೆ ಜ್ವರ ಮರೆಯಾಗಿರಬಹುದು, ಹಾಗಾಗಿ ಏಳಲಾರದಷ್ಟು ಸುಸ್ತಿದ್ದರೆ ಥರ್ಮಾಮೀಟರ್ ಏನೇ ಹೇಳಲಿ ಹೊರಡಿ.

ಮನೆಯಲ್ಲಿರುವ ಪ್ಯಾರಾಸಿಟಮಾಲ್ ಬೇಡ. ನೋವಿನ ಔಷಧ ಮೆಲಾಕ್ಸಿಕಾಮ್ ಅಂತೂ ಬೇಡವೇ ಬೇಡ, ಪ್ರೆಡ್ನಿಸೊಲೋನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು. ಹಾಗಂತ ಪ್ರೆಡ್ನಿಸೊಲೋನನ್ನು ನೀವೇ ನಿಲ್ಲಿಸಬೇಡಿ.

ಜ್ವರವಿಲ್ಲ, ಓಡಾಡುತ್ತಿದೆ ಅಂದರೆ ಡಾಕ್ಟರಿಗೆ ಫೋನ್ ಮಾಡಿ ಇವತ್ತೇ ಸಿಬಿಸಿಗೆ ಸಮಯ ತಗೊಳ್ಳಿ, ವಾಂತಿ-ಓಕರಿಕೆ ತಡೆಯುವ ಮಾರೋಪಿಟಂಟ್ ಔಷಧ ಕೊಡಬಹುದೇ ಕೇಳಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿ-ಅನ್ನವನ್ನು ಉಗುರುಬೆಚ್ಚಗೆ, ಎರಡೆರಡು ಚಮಚದಂತೆ ಇಡಿ, ಬಲವಂತವಾಗಿ ತುರುಕಬೇಡಿ. ಹಸಿ ಮಾಂಸ ಕೊಡುತ್ತಿದ್ದರೆ ನಿಲ್ಲಿಸಿ. ಸಿಬಿಸಿಯಲ್ಲಿ ನ್ಯೂಟ್ರೋಫಿಲ್ ಮೈಕ್ರೋಲೀಟರಿಗೆ ಸುಮಾರು 1,500ಕ್ಕಿಂತ ಕಡಿಮೆ ಬಂದರೆ ಮುಂದಿನ ಡೋಸ್ ಸಾಮಾನ್ಯವಾಗಿ ಮುಂದಕ್ಕೆ ಹೋಗುತ್ತದೆ, ಅದಕ್ಕೆ ಗಾಬರಿ ಬೇಡ.