ಗನ್ ಖಾಲಿ ಇತ್ತು, ಆದರೂ ಶೂಟಿಂಗ್ ರೇಂಜ್ ಆಫೀಸರ್ ಗದರಿದರು. ಅತಿಯಾಯಿತಲ್ಲವೇ?

ಖಾಲಿ ಪಿಸ್ತೂಲು ಹಿಡಿದುಕೊಂಡೇ ಹಿಂದೆ ನಿಂತ ಗೆಳೆಯನ ಕಡೆ ತಿರುಗಿದಿರಿ, ಎಲ್ಲರೆದುರು ಬೈಸಿಕೊಂಡಿರಿ, ಈಗ ಬೇರೆ ರೇಂಜ್ ನೋಡಲೋ ಅಲ್ಲೇ ಮುಂದುವರಿಯಲೋ ಎಂದು ಕೇಳುತ್ತಿದ್ದೀರಿ. ರೇಂಜಿನ ಮಾತು ಆಮೇಲೆ. ‘ಖಾಲಿ ಇತ್ತು’ ಅಂದಿರಲ್ಲ, ನನ್ನ ತಕರಾರು ಅಲ್ಲಿದೆ. ನನ್ನದೂ ಖಾಲಿಯೇ ಇತ್ತು. ಕೈಯಲ್ಲಿದ್ದ ಮ್ಯಾಗಝೀನಿನಲ್ಲಿ (ಗುಂಡು ತುಂಬುವ ಡಬ್ಬಿ) ಒಂದು ಗುಂಡೂ ಇರಲಿಲ್ಲ, ಹೊರಗೆ ಹಾರಿದ ಗುಂಡು ಕಾಲ ಬಳಿ ಬಿದ್ದಿತ್ತು. ಆದರೂ ಚೇಂಬರಿನಲ್ಲಿ, ಅಂದರೆ ಹಾರಲು ಸಿದ್ಧವಾದ ಗುಂಡು ಕೂರುವ ನಳಿಗೆಯ ಹಿಂತುದಿಯಲ್ಲಿ, ಒಂದು ಕೂತಿತ್ತು.

ಹೇಗೆ ಅಂತ ಲೆಕ್ಕ ಕೊಡುತ್ತೇನೆ. ಪಾಯಿಂಟ್ ಟೂ ಟೂ (ಗುಂಡಿನ ಅಳತೆ) ಸೆಮಿ ಆಟೋಮ್ಯಾಟಿಕ್ ಪಿಸ್ತೂಲು, ಗುರಿಗೆ 25 ಮೀಟರ್, ಮ್ಯಾಗಝೀನಿಗೆ 5 ಗುಂಡು. ಮೂರು ಹೊಡೆದಿದ್ದೆ, ಇನ್ಯಾರದೋ ಲೇನಿನಲ್ಲಿ ಏನೋ ತೊಂದರೆಯಾಗಿ ರೇಂಜ್ ಆಫೀಸರ್ ‘ಸ್ಟಾಪ್’ ಕೂಗಿದರು, ಬೆನ್ನಿಗೇ ‘ಅನ್‌ಲೋಡ್’, ಅಂದರೆ ಗನ್ ಖಾಲಿ ಮಾಡಿ. ಆ ಹೊತ್ತಿಗೆ 4ನೆಯ ಗುಂಡು ಚೇಂಬರಿನಲ್ಲಿ, 5ನೆಯದು ಮ್ಯಾಗಝೀನಿನ ತುದಿಯಲ್ಲಿ. ನಾನು ಮೊದಲು ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಭಾಗ) ಎಳೆದೆ. ಎಕ್ಸ್‌ಟ್ರಾಕ್ಟರಿನ ಕೊಕ್ಕೆ 4ನೆಯದರ ಅಂಚು ಹಿಡಿದು ಹಿಂದಕ್ಕೆ ತಂದಿತು, ಇಜೆಕ್ಟರಿಗೆ ಬಡಿದು ಅದು ಹೊರಗೆ ಹಾರಿತು. ಸ್ಲೈಡ್ ಬಿಟ್ಟೆ. ಮುಂದಕ್ಕೆ ಹೋಗುವಾಗ ಅದು, ಮ್ಯಾಗಝೀನಿನ ಸ್ಪ್ರಿಂಗ್ ಮೇಲಕ್ಕೊತ್ತಿ ಹಿಡಿದಿದ್ದ 5ನೆಯದನ್ನು ತಳ್ಳಿಕೊಂಡು ಹೋಗಿ ಚೇಂಬರಿನಲ್ಲಿ ಕೂರಿಸಿತು. ಆಮೇಲೆ ಮ್ಯಾಗಝೀನ್ ತೆಗೆದು ನೋಡಿದೆ. ಖಾಲಿ.

ಮಾಡಬೇಕಾದ ಎರಡು ಕೆಲಸವನ್ನೂ ಮಾಡಿದ್ದೆ, ಆದರೆ ಹಿಂದುಮುಂದಾಗಿ. ಅದಕ್ಕಿಂತ ಕೆಟ್ಟದ್ದೆಂದರೆ ಎರಡಕ್ಕೂ ಕಣ್ಣೆದುರು ಸಾಕ್ಷಿಯಿತ್ತು: ಗುಂಡು ಬಿದ್ದದ್ದನ್ನು ನೋಡಿದ್ದೆ, ಮ್ಯಾಗಝೀನ್ ಬರಿದಾಗಿದ್ದನ್ನೂ ನೋಡಿದ್ದೆ. ಮ್ಯಾಗಝೀನಿನಲ್ಲಿ ಗುಂಡು ಉಳಿದಿದ್ದರೆ ಅನುಮಾನವಾದರೂ ಬರುತ್ತಿತ್ತು. ಆರಂಭದಲ್ಲೇ ಮ್ಯಾಗಝೀನ್ ಹೊರಗೆ ಬಂದಿದ್ದರೆ 5ನೆಯದು ಅದರಲ್ಲೇ ಉಳಿಯುತ್ತಿತ್ತು, ಸ್ಲೈಡ್ ಎಳೆದಾಗ 4ನೆಯದು ಬೀಳುತ್ತಿತ್ತು, ಚೇಂಬರಿಗೆ ಹೋಗಲು ಮತ್ತೊಂದು ಇರುತ್ತಿರಲಿಲ್ಲ. ಸ್ಲೈಡ್ ತಾನಾಗಿ ಹಿಂದೆ ನಿಲ್ಲಲಿಲ್ಲವಲ್ಲ, ಅದನ್ನಾದರೂ ಗಮನಿಸಬೇಕಿತ್ತು. ಸಾಮಾನ್ಯವಾಗಿ ಮ್ಯಾಗಝೀನಿನ ಕೊನೆಯ ಗುಂಡು ಹೋದ ಮೇಲೆ ಅದರೊಳಗಿನ ತಟ್ಟೆ ಸ್ಲೈಡ್ ಸ್ಟಾಪ್ ಎಂಬ ಅಗುಳಿಯನ್ನು ಮೇಲೆತ್ತುತ್ತದೆ, ಸ್ಲೈಡ್ ಹಿಂದೆಯೇ ಸಿಕ್ಕಿಕೊಳ್ಳುತ್ತದೆ. ಸ್ಲೈಡ್ ಪೂರ್ತಿ ಹಿಂದಿದ್ದಾಗ 5ನೆಯದು ಇನ್ನೂ ಆ ತಟ್ಟೆಯ ಮೇಲೇ ಕೂತಿತ್ತು. ಹಾಗಾಗಿ ಸ್ಟಾಪ್ ಏಳಲಿಲ್ಲ, ನಾನೂ ಬೆರಳಿನಿಂದ ಏರಿಸಲಿಲ್ಲ. ಮುಚ್ಚಿದ ಸ್ಲೈಡನ್ನು ಹೊರಗಿನಿಂದ ನೋಡಿ ಒಳಗೇನಿದೆ ಎಂದು ಹೇಳಲು ನನಗಂತೂ ಆಗಲಿಲ್ಲ.

ಅದೇ ಪಿಸ್ತೂಲು ಹಿಡಿದು ನಾನೂ ನಿಮ್ಮ ಹಾಗೆಯೇ ತಿರುಗಿದೆ. ‘ಮೂತಿ ಮುಂದೆ!’ ಎಂಬ ಕೂಗು ಕೇಳಿ ಅರ್ಧದಲ್ಲೇ ನಿಂತೆ. ಸ್ಲೈಡ್ ತೆರೆದು ತೋರಿಸಿ ಅಂದರು. ತೆರೆದೆ. ಹಿತ್ತಾಳೆ ಹೊಳೆಯಿತು. ಸಿಡಿಯಲಿಲ್ಲ, ಯಾರಿಗೂ ಏನೂ ಆಗಲಿಲ್ಲ, ಕತೆ ಅಷ್ಟೇ.

ಈಗ ನಾನು ಬಿಡದೆ ಪಾಲಿಸುವ ಕ್ರಮ ಇದು. ಮೂತಿ ಗುರಿಯ ಕಡೆ, ಬೆರಳು ಟ್ರಿಗರಿನಿಂದ ಹೊರಗೆ. ಮ್ಯಾಗಝೀನ್ ತೆಗೆದು ಮೇಜಿನ ಮೇಲಿಡುವುದು. ಕೈಯಲ್ಲೇ ಇಟ್ಟುಕೊಂಡರೆ ಸ್ಲೈಡ್ ಎಳೆಯಲು ಕೈ ಸಾಲುವುದಿಲ್ಲ, ಆಗ ಮೂತಿ ಅಲುಗುತ್ತದೆ. ಆಮೇಲೆ ಸ್ಲೈಡನ್ನು ಪೂರ್ತಿ ಎಳೆದು ಸ್ಟಾಪ್ ಏರಿಸಿ ಸಿಕ್ಕಿಸುವುದು. ಚೇಂಬರಿನೊಳಗೆ ಕಣ್ಣು ಹಾಯಿಸುವುದು: ಕಪ್ಪು ತೂತು ಕಾಣಬೇಕು, ಹೊಳಪು ಕಾಣಬಾರದು. ಬೆಳಕು ಕಮ್ಮಿಯಿದ್ದರೆ ಕಿರುಬೆರಳಿನ ತುದಿಯಿಂದ ತಡವಿ ನೋಡುವುದು. ಕೊನೆಗೆ ಕಿತ್ತಳೆ ಬಣ್ಣದ ಸೇಫ್ಟಿ ಫ್ಲ್ಯಾಗ್ ಚೇಂಬರಿಗೆ ತೂರಿಸುವುದು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್‌ನ ಸ್ಪರ್ಧೆಗಳಲ್ಲಿ ಈ ಫ್ಲ್ಯಾಗ್ ಕಡ್ಡಾಯ, ಕಾರಣವೂ ಸರಳ: ಗುಂಡು ಕೂತಿದ್ದರೆ ಅದು ಒಳಗೆ ಹೋಗುವುದಿಲ್ಲ, ಹೋಗಿದ್ದರೆ ಹತ್ತು ಹೆಜ್ಜೆ ದೂರದಿಂದಲೂ ಕಾಣುತ್ತದೆ. ನೀವು ‘ಖಾಲಿ’ ಅಂದರೆ ಅದು ಬರೀ ಮಾತು, ಫ್ಲ್ಯಾಗ್ ಇದ್ದರೆ ಎಲ್ಲರಿಗೂ ಕಾಣುವ ಪುರಾವೆ.

ತಿರುಗುವ ವಿಷಯ. ಯಾರೂ ಬೇಕೆಂದು ಗನ್ ತಿರುಗಿಸುವುದಿಲ್ಲ. ಹಿಂದಿನಿಂದ ಹೆಸರು ಕರೆದರೆ ತಲೆ ತಿರುಗುತ್ತದೆ, ತಲೆಯ ಹಿಂದೆ ಭುಜ, ಭುಜದ ಹಿಂದೆ ತೋಳು. ಪಕ್ಕದವರು ಒಂದು ಮೀಟರ್ ಆಚೆ ನಿಂತಿರುತ್ತಾರೆ, ಸ್ವಲ್ಪ ತಿರುಗಿದರೆ ಸಾಕು, ಮೂತಿ ಅವರ ಹೊಟ್ಟೆಯನ್ನು ಸವರಿಕೊಂಡು ಹೋಗುತ್ತದೆ. ಪರಿಹಾರ ಒಂದೇ, ಮೊದಲು ಗನ್ ಮೇಜಿಗೆ, ಆಮೇಲೆ ತಲೆ ಹಿಂದಕ್ಕೆ. ಕೆಲವರು ಜಾಣತನ ಎಂದುಕೊಂಡು ಮೂತಿಯನ್ನು ಆಕಾಶಕ್ಕೆ ಎತ್ತಿ ತಿರುಗುತ್ತಾರೆ, ಸಿನಿಮಾದ ಚಾಳಿ. ಪಾಯಿಂಟ್ ಟೂ ಟೂ ಗುಂಡಿನ ಡಬ್ಬಿಗಳ ಮೇಲೇ ಒಂದೂವರೆ ಮೈಲಿವರೆಗೆ ಅಪಾಯ ಎಂದು ಅಚ್ಚಾಗಿರುತ್ತದೆ. ಗುಂಡು ತಡೆಯುವ ಮಣ್ಣಿನ ದಿಬ್ಬ ಇರುವುದು ಗುರಿಯ ಹಿಂದೆ, ತಲೆಯ ಮೇಲಲ್ಲ.

‘ಸೇಫ್ಟಿ ಹಾಕಿದ್ದೆ’ ಎಂದೂ ಬರೆದಿದ್ದೀರಿ. ಸೇಫ್ಟಿ ಎಂದರೆ ಟ್ರಿಗರನ್ನೋ ಅದು ಬಿಡಿಸುವ ಕೊಂಡಿಯನ್ನೋ ತಡೆಯುವ ಪುಟ್ಟ ಲೋಹದ ತುಂಡು. ಅದು ಸವೆಯುತ್ತದೆ, ಅರ್ಧಕ್ಕೇ ನಿಲ್ಲುತ್ತದೆ, ಬಟ್ಟೆಗೆ ಸಿಕ್ಕಿ ಜಾರುತ್ತದೆ. ಕೆಲವು ಸ್ಪರ್ಧಾ ಪಿಸ್ತೂಲುಗಳಲ್ಲಿ ಅದು ಇರುವುದೇ ಇಲ್ಲ. ಮ್ಯಾಗಝೀನ್ ತೆಗೆದರೆ ಗುಂಡು ಹಾರದಂತೆ ಮಾಡಿದ ಪಿಸ್ತೂಲುಗಳೂ ಇವೆ, ಹಾರುವ ಪಿಸ್ತೂಲುಗಳೂ ಇವೆ. ನಿಮ್ಮದು ಯಾವ ಜಾತಿ ಎಂಬುದರ ಮೇಲೆ ಪಕ್ಕದವರ ಜೀವ ನಿಲ್ಲಬಾರದು.

ಬೆರಳಿನ ಶಿಸ್ತು ಎಷ್ಟು ಹೇಳಿದರೂ ಕಮ್ಮಿ. 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಒತ್ತಲು ಬೇಕಾದ ಭಾರ ನಿಯಮದ ಪ್ರಕಾರ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ 1000 ಗ್ರಾಂ. ಏರ್ ರೈಫಲ್ಲಿಗೆ ಕನಿಷ್ಠ ಮಿತಿಯೇ ಇಲ್ಲ, 100 ಗ್ರಾಂಗಿಂತ ಕೆಳಗೆ ಇಳಿಸಿಕೊಂಡವರೂ ಇರುತ್ತಾರೆ. ಬೆರಳು ಸೋಕಿದರೆ ಆಯಿತು. ಎಡವಿದಾಗ, ಬೆಚ್ಚಿದಾಗ, ಇನ್ನೊಂದು ಕೈಯಿಂದ ಏನನ್ನೋ ಬಿಗಿಯಾಗಿ ಹಿಡಿದಾಗ ಈ ಕೈಯೂ ತಾನಾಗಿ ಮುಷ್ಟಿ ಕಟ್ಟುತ್ತದೆ. ಅದಕ್ಕೇ ಗುರಿ ಹಿಡಿಯುವವರೆಗೆ ತೋರುಬೆರಳು ಫ್ರೇಮಿನ ಉದ್ದಕ್ಕೂ ನೆಟ್ಟಗೆ ಚಾಚಿರಬೇಕು. ಟ್ರಿಗರ್ ಗಾರ್ಡಿನ ಮೇಲೆ ಮಡಚಿಟ್ಟರೆ ಸಾಲದು, ಅಲ್ಲಿಂದ ಜಾರಿದರೆ ನೇರ ಟ್ರಿಗರಿಗೇ. ಗನ್ ಕೈತಪ್ಪಿದರೆ ಬೀಳಲಿ ಬಿಡಿ. ಗಾಳಿಯಲ್ಲಿ ಹಿಡಿಯಲು ಹೋದವರ ಬೆರಳು ಎಲ್ಲಿಗೆ ಹೋಗುತ್ತದೆ ಹೇಳಿ? ಬಿದ್ದದ್ದನ್ನು ಎತ್ತುವುದೂ ರೇಂಜ್ ಆಫೀಸರ್ ಹೇಳಿದ ಮೇಲೆಯೇ.

ಗಾಳಿಯ ಗನ್ನಿನವರು ‘ನಮಗಿದೆಲ್ಲ ಬೇಡ’ ಅನ್ನುತ್ತಾರೆ. ನನ್ನ ಪ್ರಕಾರ ಅವರಿಗೇ ಹೆಚ್ಚು ಬೇಕು. 4.5 ಮಿಲಿಮೀಟರ್ ಪೆಲೆಟ್ (ಸೀಸದ ಪುಟ್ಟ ಗುಂಡು) ನಳಿಗೆಯೊಳಗೆ ಹೋಯಿತೆಂದರೆ ಕಣ್ಣಿಗೆ ಕಾಣುವುದಿಲ್ಲ, ಎಳೆದರೆ ಹೊರಗೆ ಬೀಳುವುದೂ ಇಲ್ಲ. ಪೆಲೆಟ್ ಹಾಕಿದ್ದಾಗ ‘ಸ್ಟಾಪ್’ ಬಂದರೆ ಸುಮ್ಮನೆ ಗೋಡೆಗೆ ಹೊಡೆದು ಖಾಲಿ ಮಾಡಬೇಡಿ. ಗನ್ ಮುಂದಕ್ಕೇ ಇರಲಿ, ಕೈ ಎತ್ತಿ ‘ಪೆಲೆಟ್ ಒಳಗಿದೆ’ ಅನ್ನಿ, ಅನುಮತಿ ಕೊಟ್ಟ ಮೇಲೆ ಅವರು ಹೇಳಿದ ಕಡೆ ಹೊಡೆಯಿರಿ. ಏರ್ ಗನ್ನಿನ ಫ್ಲ್ಯಾಗ್ ಉದ್ದನೆಯ ದಾರದಂತಿದ್ದು ನಳಿಗೆಯ ಎರಡೂ ತುದಿಯಿಂದ ಇಣುಕುವುದು ಇದಕ್ಕೇ. ಗಾಳಿ ತುಂಬಿದ ಸಿಲಿಂಡರಿನ ಮೇಲೆ ಒತ್ತಿದ ದಿನಾಂಕ ನೋಡಿ ಅವಧಿ ಮೀರಿಲ್ಲವೆಂದು ಖಚಿತಪಡಿಸಿಕೊಳ್ಳಿ, ಒಳಗೆ ಸಾಮಾನ್ಯವಾಗಿ 200 ಬಾರ್ ಒತ್ತಡ ಇರುತ್ತದೆ.

ಟ್ರಿಗರ್ ಒತ್ತಿದಿರಿ, ‘ಟಕ್’ ಎಂದಿತು, ಗುಂಡು ಹಾರಲಿಲ್ಲ. ಹೊಸಬರು ತಕ್ಷಣ ಗನ್ ತಿರುಗಿಸಿ ಮೂತಿಯನ್ನೇ ನೋಡುತ್ತಾರೆ! ಮದ್ದು ತಡವಾಗಿಯೂ ಹೊತ್ತಿಕೊಳ್ಳಬಹುದು. ಮೂತಿ ಮುಂದಿಟ್ಟು 30 ಸೆಕೆಂಡ್ ಎಣಿಸಿ, ಆಮೇಲೆ ಮೇಲೆ ಹೇಳಿದ ಕ್ರಮದಲ್ಲೇ ಖಾಲಿ ಮಾಡಿ. ಇನ್ನೊಂದು ಇದಕ್ಕಿಂತ ಮೋಸದ್ದು: ಸದ್ದು ಬಂತು, ಆದರೆ ‘ಠಪ್’ ಅನ್ನುವ ಬದಲು ‘ಪುಸ್’ ಅಂದಿತು, ಒದೆತವೂ ಕಮ್ಮಿ. ಗುಂಡು ನಳಿಗೆಯ ನಡುವೆ ಸಿಕ್ಕಿರುವ ಸಾಧ್ಯತೆ ಇದೆ. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ನಿಲ್ಲಿಸಿ, ಖಾಲಿ ಮಾಡಿ, ಕಡ್ಡಿ ತೂರಿಸಿ ನೋಡುವ ಕೆಲಸವನ್ನು ಗೊತ್ತಿದ್ದವರಿಗೆ ಬಿಡಿ.

ಗುರಿಯ ಕಾಗದ ಬದಲಿಸಲು ಜನ ಮುಂದೆ ಹೋಗಿದ್ದಾಗ ನೀವು ಗೆರೆಯಿಂದ ಹಿಂದೆ ನಿಲ್ಲಬೇಕು, ಗನ್ ಮುಟ್ಟಬಾರದು. ಒರೆಸಲೂ ಇಲ್ಲ, ಪೆಟ್ಟಿಗೆಗೆ ಹಾಕಲೂ ಇಲ್ಲ. ಬೇರೆಯವರ ಗನ್ ಕೇಳದೆ ಮುಟ್ಟುವ ಹಾಗಿಲ್ಲ. ಕೊಡುವವರು ತೆರೆದು ಕೊಡುತ್ತಾರೆ, ಅವರು ನೋಡಿದ್ದನ್ನು ನೀವೇ ನೋಡಿದ್ದರೂ ಕೈಗೆ ಬಂದ ಮೇಲೆ ಮತ್ತೊಮ್ಮೆ ನೋಡಿ, ಇದರಲ್ಲಿ ಅವಮಾನವೇನಿಲ್ಲ. ‘ಸ್ಟಾಪ್’ ಕೂಗುವ ಹಕ್ಕು ಎಲ್ಲರಿಗೂ ಇದೆ, ನಿಮಗೂ. ಕುತ್ತಿಗೆ ಮುಚ್ಚುವ ಅಂಗಿ ಹಾಕಿ. ಹಾರಿದ ಗುಂಡಿನ ಬಿಸಿ ಚಿಪ್ಪು ಕಾಲರಿನೊಳಗೆ ಬಿದ್ದರೆ ಮನುಷ್ಯ ಗನ್ ಸಮೇತ ಕುಣಿಯುತ್ತಾನೆ. ಸೀಸದ ಪುಡಿ ಬೆರಳಲ್ಲಿ ಇರುತ್ತದೆ, ತಿನ್ನುವ ಮೊದಲು ಸೋಪು ಹಾಕಿ ತೊಳೆಯಿರಿ.

ಇನ್ನು ಬೇರೆ ರೇಂಜ್. ನಿಮ್ಮ ಪ್ರಶ್ನೆ ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ. ಗನ್ ಹಿಡಿದು ತಿರುಗಿದವರನ್ನು ನೋಡಿಯೂ ಸುಮ್ಮನಿರುವ ರೇಂಜ್ ಇದ್ದರೆ ಅದನ್ನು ಬಿಡಿ. ಎಲ್ಲರೆದುರು ಕೂಗಿದ್ದು ನಿಜ, ಆದರೆ ಕಿವಿಗೆ ಮಫ್ ಹಾಕಿದವರಿಗೆ ಮೆಲ್ಲಗೆ ಹೇಳಿದರೆ ಕೇಳುವುದೂ ಇಲ್ಲವಲ್ಲ. ಅದೇ ಆಫೀಸರ್ ಹತ್ತಿರ ಹೋಗಿ, ‘ನೀವೆದುರು ನಿಂತು ನನ್ನ ಅನ್‌ಲೋಡ್ ನೋಡಿ’ ಅನ್ನಿ. ಮದ್ದಿಲ್ಲದ ಡಮ್ಮಿ ಗುಂಡು 5 ತುಂಬಿ, ಸ್ಲೈಡ್ ಕೈಯಿಂದ ಎಳೆದು ಒಂದೊಂದಾಗಿ ಹೊರಹಾಕಿ, ಮೂರಾದ ಮೇಲೆ ಅವರು ‘ಅನ್‌ಲೋಡ್’ ಅನ್ನಲಿ. ಒಂದು ಸಲ ಬೇಕೆಂದೇ ನನ್ನ ಹಾಗೆ ಮೊದಲು ಸ್ಲೈಡ್, ಆಮೇಲೆ ಮ್ಯಾಗಝೀನ್ ಮಾಡಿ, 5ನೆಯದು ಎಲ್ಲಿ ಹೋಯಿತೆಂದು ಸ್ಲೈಡ್ ತೆರೆದು ನೋಡಿ. ಆಮೇಲೆ ಸರಿಯಾದ ಕ್ರಮದಲ್ಲಿ ಇಪ್ಪತ್ತು ಸಲ. ಪ್ರತಿ ಸಲವೂ ನೆಲದಲ್ಲಿ ನಾಲ್ಕು, ಮೇಜಿನ ಮೇಲಿನ ಮ್ಯಾಗಝೀನಿನಲ್ಲಿ ಒಂದು ಸಿಗಬೇಕು.