ಜರ್ಮನ್‌ನಲ್ಲಿ ಗಿಫ್ಟ್ ಅಂದರೆ ವಿಷ ಯಾಕೆ?

ನಿಮ್ಮದು ಎರಡು ಪ್ರಶ್ನೆ. ಜರ್ಮನ್‌ನಲ್ಲಿ ವಿಷಕ್ಕೆ ಗಿಫ್ಟ್ ಅಂತಾರೆ, ಇಂಗ್ಲಿಷ್‌ನಲ್ಲಿ ಗಿಫ್ಟ್ ಅಂದರೆ ಉಡುಗೊರೆ. ಇವೆರಡಕ್ಕೂ ಸಂಬಂಧ ಇದೆಯಾ? ಯುರೋಪಿನ ಭಾಷೆಗಳಲ್ಲಿ ಒಂದೇ ಥರ ಕಾಣುವ ಪದಗಳನ್ನು ಎಷ್ಟು ನಂಬಬಹುದು? ನಾನು ಕೆಲವು ವರ್ಷಗಳಿಂದ ಜರ್ಮನ್ ಕಲಿಸುತ್ತಿದ್ದೇನೆ. ನನಗೆ ತುಂಬಾ ಇಷ್ಟವಾದ ವಿಷಯ ಇದು, ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಸಂಬಂಧ ಇದೆ. ಎರಡೂ ‘ಕೊಡು’ ಅನ್ನುವ ಕ್ರಿಯಾಪದದಿಂದ ಹುಟ್ಟಿದವು. ಇಂಗ್ಲಿಷ್‌ನಲ್ಲಿ ಅದು ಗಿವ್, ಜರ್ಮನ್‌ನಲ್ಲಿ ಗೇಬೆನ್. ಹಳೆಯ ಜರ್ಮನ್‌ನಲ್ಲೂ ಗಿಫ್ಟ್ ಅಂದರೆ ಕೊಡುಗೆಯೇ. ವಿಷದ ಅರ್ಥ ಬಂದದ್ದು ವೈದ್ಯರ ಕಡೆಯಿಂದ. ಗ್ರೀಕ್‌ನಲ್ಲಿ ‘ಡೋಸಿಸ್’ ಅಂದರೆ ಕೊಡುವುದು. ರೋಗಿಗೆ ಕೊಡುವ ಮದ್ದಿನ ಅಳತೆಗೂ ಅದೇ ಹೆಸರಾಯಿತು. ನಾವು ಈಗ ಡೋಸ್ ಅನ್ನುವುದು ಅದನ್ನೇ. ಅದರ ಜಾಡಿನಲ್ಲೇ ಜರ್ಮನ್ನರ ಗಿಫ್ಟ್ ಕೂಡ ‘ಕೊಟ್ಟ ಮದ್ದು’ ಆಯಿತು, ಕೊನೆಗೆ ‘ಕೊಲ್ಲುವ ಮದ್ದು’ ಆಗಿ ನಿಂತಿತು. ‘ಅವನಿಗೆ ಯಾರೋ ಮದ್ದು ಹಾಕಿದ್ದಾರೆ’ ಅಂತ ನಮ್ಮ ಹಳ್ಳಿಗಳಲ್ಲಿ ಹೇಳುವಾಗ ಯಾರೂ ಔಷಧಿ ಅಂದುಕೊಳ್ಳುವುದಿಲ್ಲ, ಅಲ್ವಾ?

ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಮದುವೆಯಲ್ಲಿ ಹುಡುಗಿಯ ಜೊತೆ ಕೊಟ್ಟು ಕಳಿಸುವ ಹಣ, ಸಾಮಾನಿಗೆ ಜರ್ಮನ್‌ನಲ್ಲಿ ಇವತ್ತಿಗೂ ‘ಮಿಟ್‌ಗಿಫ್ಟ್’ ಅನ್ನುತ್ತಾರೆ. ಸ್ವೀಡಿಷ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಈ ಪದಕ್ಕೆ ವಿಷ ಅಂತಲೂ ಅರ್ಥ, ‘ಮದುವೆಯಾದ’ ಅಂತಲೂ ಅರ್ಥ. ಬರೆಯುವುದು ಗಿಫ್ಟ್ ಅಂತ, ಓದುವುದು ‘ಯಿಫ್ಟ್’ ಅಂತ.

ಇನ್ನು ಎರಡನೇ ಪ್ರಶ್ನೆ. ನೋಡಲು ಒಂದೇ ಥರ ಇದೆ ಅಂತ ನೆಂಟಸ್ತಿಕೆ ಕಟ್ಟಬೇಡಿ. ಇಂಗ್ಲಿಷ್‌ನ ಹ್ಯಾವ್, ಜರ್ಮನ್‌ನ ಹಾಬೆನ್, ಲ್ಯಾಟಿನ್‌ನ ಹಾಬೇರೆ, ಮೂರರ ಅರ್ಥವೂ ‘ಇರು, ಹೊಂದಿರು’. ಒಂದೇ ಮನೆಯವು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಲ್ಯಾಟಿನ್ ಪದ ಬೇರೆ ಮನೆಯದು.

ಹೇಗೆ ಗೊತ್ತು ಅಂದರೆ, ಶಬ್ದಗಳು ಸುಮ್ನೆ ಮನಸ್ಸಿಗೆ ಬಂದಂತೆ ಬದಲಾಗುವುದಿಲ್ಲ. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಅಂಥದ್ದೇ ನಿಯಮ ಇಂಗ್ಲಿಷ್, ಜರ್ಮನ್ ಇರುವ ಗುಂಪಿನಲ್ಲೂ ನಡೆಯಿತು. ಲ್ಯಾಟಿನ್‌ನಲ್ಲಿ ಪದದ ಮೊದಲಿಗೆ ‘ಕ’ ಇದ್ದರೆ ಇಲ್ಲಿ ‘ಹ’. ಕೊಂಬಿಗೆ ಅಲ್ಲಿ ಕೋರ್ನು, ಇಲ್ಲಿ ಹಾರ್ನ್. ನೂರಕ್ಕೆ ಅಲ್ಲಿ ಕೆಂಟುಮ್, ಇಲ್ಲಿ ಹಂಡ್ರೆಡ್. ಈ ನಿಯಮಗಳನ್ನು 1822ರಲ್ಲಿ ಒಟ್ಟಾಗಿ ಬರೆದಿಟ್ಟವರು ಯಾಕೋಬ್ ಗ್ರಿಮ್. ಜನಪದ ಕಥೆಗಳನ್ನು ಕೂಡಿಹಾಕಿದ ಗ್ರಿಮ್ ಸೋದರರಲ್ಲಿ ಅಣ್ಣ ಇವರೇ. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ ಅದಕ್ಕೂ ಮೊದಲೇ, 1818ರಲ್ಲಿ, ಇದನ್ನು ಗಮನಿಸಿದ್ದರು. ಅವರ ಹೆಸರನ್ನೂ ಜೊತೆಗೆ ಹೇಳಲೇಬೇಕು ಅಂತ ನನ್ನ ಆಸೆ.

ಈಗ ಲೆಕ್ಕ ಹಾಕಿ. ಹ್ಯಾವ್ ‘ಹ’ದಿಂದ ಶುರುವಾಗುತ್ತದೆ ಅಂದರೆ ಅದರ ಲ್ಯಾಟಿನ್ ನೆಂಟ ‘ಕ’ದಿಂದ ಶುರುವಾಗಬೇಕು. ಅದು ಕಾಪೆರೆ, ಅಂದರೆ ಹಿಡಿ. ಇಂಗ್ಲಿಷ್‌ನ ಕ್ಯಾಪ್ಚರ್ ಅದರ ಮಗು. ಮತ್ತೆ ಹಾಬೇರೆ? ಲ್ಯಾಟಿನ್‌ನ ‘ಹ’ಕ್ಕೆ ಇಂಗ್ಲಿಷ್‌ನಲ್ಲಿ ‘ಗ’ ಬರಬೇಕು. ಹೆಚ್ಚಿನ ವಿದ್ವಾಂಸರು ಅದರ ನೆಂಟ ಅಂತ ತೋರಿಸುವುದು ಗಿವ್ ಪದವನ್ನು! ಹೊಂದಿರುವುದರ ನೆಂಟ ಕೊಡುವುದು. ಮೊದಲ ಸಲ ಇದನ್ನು ಓದಿದಾಗ ನಾನು ತುಂಬಾ ಹೊತ್ತು ಪುಸ್ತಕ ಮುಂದಕ್ಕೆ ಓದಲಿಲ್ಲ. ಇದೇ ಹಾದಿಯಲ್ಲಿ ಲ್ಯಾಟಿನ್‌ನ ಹೋಸ್ಟಿಸ್ ಮತ್ತು ಇಂಗ್ಲಿಷ್‌ನ ಗೆಸ್ಟ್ ಕೂಡ ಒಡಹುಟ್ಟಿದವು. ಒಂದಕ್ಕೆ ಶತ್ರು ಅಂತ ಅರ್ಥ, ಇನ್ನೊಂದಕ್ಕೆ ಅತಿಥಿ. ಮೂಲದಲ್ಲಿ ಎರಡೂ ‘ಹೊರಗಿನಿಂದ ಬಂದವನು’.

ನಮಗೆ ಹತ್ತಿರದ ಉದಾಹರಣೆಯೂ ಒಂದಿದೆ. ದೇವರಿಗೆ ಲ್ಯಾಟಿನ್‌ನಲ್ಲಿ ಡೇಉಸ್, ಗ್ರೀಕ್‌ನಲ್ಲಿ ಥೇಓಸ್. ಅಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳ ಥರ ಇವೆ, ಆದರೆ ಸಂಬಂಧವಿಲ್ಲ. ಡೇಉಸ್‌ಗೆ ನಿಜವಾದ ನೆಂಟ ಸಂಸ್ಕೃತದ ದೇವ, ಅಂದರೆ ನಾವು ದಿನಾ ಬಳಸುವ ದೇವರು. ಗ್ರೀಕ್‌ನಲ್ಲಿ ಆ ಕುಟುಂಬದವನು ದೇವತೆಗಳ ರಾಜ ಜ್ಯೂಸ್ (Zeus).

ಚೆಕ್, ಪೋಲಿಷ್, ರಷ್ಯನ್ ಥರದ ಸ್ಲಾವಿಕ್ ಭಾಷೆಗಳಲ್ಲಂತೂ ಒಂದೇ ಪದಕ್ಕೆ ಬೇರೆ ಬೇರೆ ಅರ್ಥ ಬರುವ ತೊಡಕು ಜಾಸ್ತಿ, ಯಾಕೆಂದರೆ ಅವು ತೀರಾ ಹತ್ತಿರದ ಭಾಷೆಗಳು. ಚೆಕ್‌ನಲ್ಲಿ ‘ಚೆರ್ಸ್ತ್ವೀ’ ಅಂದರೆ ತಾಜಾ. ಪೋಲಿಷ್‌ನಲ್ಲಿ ಅದೇ ಪದ ಒಣಗಿ ಗಟ್ಟಿಯಾದ ಬ್ರೆಡ್ಡಿಗೆ. ಚೆಕ್ ಬೋರ್ಡುಗಳಲ್ಲಿ ‘ಪೋಜೋರ್’ ಅಂತ ಕಂಡರೆ ಎಚ್ಚರಿಕೆ ಅಂತ. ರಷ್ಯನ್ ಬಲ್ಲವರು ಅದನ್ನು ‘ನಾಚಿಕೆಗೇಡು’ ಅಂತ ಓದಿಕೊಳ್ಳುತ್ತಾರೆ.

ನೀವು ಜರ್ಮನ್ ಕಲಿಯಲು ಶುರುಮಾಡಿದ್ದೇನೆ ಅಂದಿದ್ದೀರಿ. ಹಾಗಾದರೆ ಸದ್ಯದಲ್ಲೇ ‘ಬೆಕೊಮೆನ್’ ಬರುತ್ತದೆ. ಅದು ಇಂಗ್ಲಿಷ್‌ನ ಬಿಕಮ್‌ಗೆ ಹುಟ್ಟಿನಲ್ಲಿ ಒಡಹುಟ್ಟಿದ ಪದವೇ. ಆದರೂ ಅದರ ಅರ್ಥ ‘ಪಡೆ, ಸಿಗು’. ‘ಆಗು’ ಅನ್ನಲು ‘ವೇರ್ಡೆನ್’ ಬೇಕು. ಹೋಟೆಲಿನಲ್ಲಿ ಕಾಫಿ ಕೇಳುವಾಗ ‘ಇಶ್ ಬೆಕೊಮೆ ಐನೆನ್ ಕಾಫೆ’ ಅಂತ ಧೈರ್ಯವಾಗಿ ಹೇಳಿ, ನನಗೊಂದು ಕಾಫಿ ಅಂತಲೇ ಅವರಿಗೆ ಅರ್ಥವಾಗುತ್ತದೆ.